ಸೋಮವಾರದವರೆಗೆ

ಮೊನ್ನೆ ಮಾರ್ಕೆಟ್ಟಿನಿಂದ ಒಂದು ಕಟ್ಟು ಮದ್ದುಸೊಪ್ಪು ತಂದು ಒಲೆಯ ಮೇಲೆ ಕುದಿಯಲಿಟ್ಟೆ. ಆಟಿ ತಿಂಗಳ ಹದಿನೆಂಟನೇ ದಿನ ಕೊಡಗಿನ ಮನೆಗಳಲ್ಲಿ ಈ ಸೊಪ್ಪಿನ ರಸ ಬಸಿದು ಪಾಯಸ ಮಾಡುತ್ತಾರೆ. ನೀರು ಕಡುನೇರಳೆಗೆ ತಿರುಗುತ್ತದೆ, ಮನೆಯೆಲ್ಲ ಒಂದು ಬಗೆಯ ಹಿತವಾದ ವಾಸನೆ ತುಂಬುತ್ತದೆ. ನಾನು ಹುಟ್ಟಿದ್ದು ಶನಿವಾರಸಂತೆ ಕಡೆ. ನಮ್ಮ ಮನೆಯಲ್ಲಿ ಈ ಪದ್ಧತಿ ಇರಲಿಲ್ಲ. ನನಗೆ ಇದನ್ನು ಕಲಿಸಿದವರು ಕೆಳಮನೆಯವರು. ಹತ್ತು ನಿಮಿಷವೆಂದು ಗಡಿಯಾರ ನೋಡಿಯೇ ಪಾತ್ರೆ ಇಟ್ಟಿದ್ದೆ. ಆದರೆ ಆ ವಾಸನೆ ಎದ್ದಿತು, ನಾನು ಅಲ್ಲೇ ನಿಂತುಬಿಟ್ಟೆ... ನೋಡುವಾಗ ನೀರು ಅರ್ಧಕ್ಕಿಳಿದಿತ್ತು.

ಮಡಿಕೇರಿಯ ಇಳಿಜಾರಿನಲ್ಲಿ ಒಂದು ಮನೆಯ ಹಿತ್ತಿಲ ಕೆಳಗೆ ಇನ್ನೊಂದು ಮನೆಯ ಮಾಡು ಇರುತ್ತದೆ. ನನ್ನ ಹಿತ್ತಿಲ ಗೋಡೆಯ ಕೆಳಗೆ ಇದ್ದದ್ದು ಅವರ ಮನೆ. ಆ ಮನೆಯಾಕೆಯನ್ನೇ ನಾನು ಕೆಳಮನೆಯವರು ಎನ್ನುವುದು. ಯಜಮಾನರು ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪು ಓಡಿಸುತ್ತಿದ್ದರು. ಭಾಗಮಂಡಲ ಕಡೆಯವರು, ಮನೆಮಾತು ಅರೆಭಾಷೆ. ಒಬ್ಬನೇ ಮಗ. ನಾನು ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಕೊನೆಗೆ ಮೇಟ್ರನ್ ಆಗಿ ನಿವೃತ್ತಳಾದವಳು. ರೋಗಿಗಳನ್ನು ನೋಡುವ ಸಮಯ ನಾಲ್ಕರಿಂದ ಆರು ಎಂದರೆ, ಆರು ಹೊಡೆದ ಮೇಲೆ ನನ್ನ ವಾರ್ಡಿನಲ್ಲಿ ಒಬ್ಬ ಹೊರಗಿನವರೂ ಇರಕೂಡದು. ಬೀದಿಯವರೆಲ್ಲ ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು, ಈಗಲೂ ಹಾಗೆಯೇ.

ಅವರ ಮಗ ಬೆಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾಗ ಮಾರ್ಮನ್ ಪಂಥಕ್ಕೆ ಸೇರಿದ. ಆ ಪಂಥದಲ್ಲಿ ಪ್ರಾಯದ ಹುಡುಗರು ಎರಡು ವರ್ಷ ಮನೆ ಬಿಟ್ಟು ಧರ್ಮಪ್ರಚಾರಕ್ಕೆ ಹೋಗುತ್ತಾರೆ. ಅದಕ್ಕೆ ಮಿಷನ್ ಎಂದು ಹೆಸರು. ಅವನನ್ನು ದೆಹಲಿ ಕಡೆಗೆ ಕಳಿಸಿದರು. ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಬೆಳಗ್ಗೆ ಆರೂವರೆಗೆ ಏಳಬೇಕು, ಎಲ್ಲಿಗೆ ಹೋದರೂ ಇಬ್ಬರು ಜೊತೆಯಾಗಿ ಹೋಗಬೇಕು, ಇಂಥ ಹೊತ್ತಿಗೆ ಮಲಗಬೇಕು. ಮನೆಗೆ ಫೋನ್ ಮಾಡುವುದು ವರ್ಷಕ್ಕೆ ಎರಡೇ ಸಲ. ಸೋಮವಾರ ಮಾತ್ರ ಬಟ್ಟೆ ಒಗೆದುಕೊಂಡು, ಮನೆಯವರ ಮೇಲ್ ಓದಿ, ಉತ್ತರ ಬರೆಯಬಹುದು. ಆಗಿನ ನಿಯಮ ಅದು, ಈಗ ಸಡಿಲವಾಗಿದೆಯಂತೆ. ನಿಜ ಹೇಳಬೇಕೆಂದರೆ ಆ ದಿನಚರಿ ಕೇಳಿ ನನಗೆ ಸಂತೋಷವಾಗಿತ್ತು. ನರ್ಸಿಂಗ್ ಟ್ರೈನಿಂಗಿನಲ್ಲಿ ನಾವು ಬೆಳೆದದ್ದೂ ಹೀಗೆಯೇ.

ಕೆಳಮನೆಯವರಿಗೆ ಸಂತೋಷವಾಗುವುದು ಹೇಗೆ? ಅವರು ಅಳಲಿಲ್ಲ, ಆದರೆ ಒಂದು ವಾರ ತಲೆ ಬಾಚಲಿಲ್ಲ. ನೆಂಟರು ಮನೆಗೆ ಬರುವುದು ಕಡಿಮೆಯಾಯಿತು. ಯಜಮಾನರಿಗೆ ಬೇರೆಲ್ಲಕ್ಕಿಂತ ಹೆಚ್ಚಾಗಿ ತಡೆಯಲಾಗದೆ ಹೋದದ್ದು, ಮಾರ್ಮನ್ನರು ಕಾಫಿ ಕುಡಿಯುವುದಿಲ್ಲ ಎಂಬ ಸಂಗತಿ.

“ದೇವರನ್ನ ಬೇಕಾದ್ರೆ ಬದಲಾಯಿಸ್ಲಿ ಸಿಸ್ಟರ್,” ಎಂದು ಗೋಡೆಯ ಕೆಳಗಿನಿಂದ ಕೇಳಿದ್ದರು, “ಕಾಫಿ ಎಂತ ಮಾಡಿತ್ತು ಇವನಿಗೆ?”

ಆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಇದ್ದದ್ದು ಗುಂಡಿ ಒತ್ತುವ ಒಂದು ಫೋನು. ನನ್ನ ಮನೆಯಲ್ಲಿತ್ತು, ಸರ್ವಿಸಿನ ಕೊನೆಯಲ್ಲಿ ಕನ್ನಡ ಟೈಪಿಂಗನ್ನೂ ಕಲಿತಿದ್ದೆ. ಹಾಗಾಗಿ ಭಾನುವಾರ ಸಂಜೆ ಐದು ಗಂಟೆಗೆ ಅವರು ಮೇಲೆ ಬರುವುದು, ವಾರದ ಸುದ್ದಿ ಹೇಳುವುದು, ನಾನು ಟೈಪ್ ಮಾಡಿ ಕಳಿಸುವುದು ಎಂದು ನಿಗದಿಯಾಯಿತು. ಸೋಮವಾರ ಸಂಜೆ ಉತ್ತರ ಓದಿ ಹೇಳುತ್ತಿದ್ದೆ. ಪ್ರತಿ ಉತ್ತರವನ್ನೂ ಪ್ರಿಂಟ್ ತೆಗೆದು ಫೈಲಿಗೆ ಹಾಕಿ, ಓದಿದ್ದಕ್ಕೆ ಗುರುತಾಗಿ ಕೆಂಪು ಶಾಯಿಯಲ್ಲಿ ಟಿಕ್ ಹಾಕುತ್ತಿದ್ದೆ.

ಅವರು ಸುದ್ದಿ ಹೇಳುವ ರೀತಿಗೆ ತಲೆಬುಡ ಇರುತ್ತಿರಲಿಲ್ಲ. ನೆಂಟರ ಮದುವೆಯಿಂದ ಹೊರಟು ಬೆಕ್ಕಿನ ಮರಿಗೆ ಬಂದು, ನಡುವೆ ಮಾಡಿನ ಹೆಂಚು ಒಡೆದದ್ದನ್ನು ಹೇಳಿ, ಮದುವೆ ಯಾರದೆಂಬುದನ್ನೇ ಬಿಟ್ಟುಬಿಡುತ್ತಿದ್ದರು. ನಾನು ಎಲ್ಲವನ್ನೂ ಸೋಸಿ ಶೀರ್ಷಿಕೆ ಕೊಟ್ಟು ಬರೆಯುತ್ತಿದ್ದೆ. ಆರೋಗ್ಯ, ಮನೆ, ನೆಂಟರು, ಹವಾಮಾನ. ಯಜಮಾನರು ಒಮ್ಮೆಯೂ ಮೇಲೆ ಬರಲಿಲ್ಲ. ಆದರೆ ಪ್ರತಿ ಭಾನುವಾರ ಹೆಂಡತಿಯ ಹತ್ತಿರ ಒಂದು ಸಾಲು ಹೇಳಿ ಕಳಿಸುತ್ತಿದ್ದರು, ಅದೂ ಜೀಪಿನದ್ದೇ. ಕ್ಲಚ್ ಪ್ಲೇಟ್ ಹೋಯಿತು. ಮಂಜಿಗೆ ಹೊಸ ಲೈಟು ಹಾಕಿಸಿದೆ. ಮಗನ ಹೆಸರೂ ಇಲ್ಲ, ಹೇಗಿದ್ದೀಯ ಎಂದೂ ಇಲ್ಲ.

ಮೂರು ತಿಂಗಳಾದ ಮೇಲೆ ಹುಡುಗ ಬರೆದ. “ಅವ್ವ, ನಿನ್ನ ಮೇಲ್ ಡಿಸ್ಚಾರ್ಜ್ ಕಾರ್ಡ್ ಓದಿದ ಹಾಗೆ ಇರ್ತದೆ. ಆಟಿ ಹದಿನೆಂಟಕ್ಕೆ ಮದ್ದು ಪಾಯಸ ಮಾಡ್ಲಿಲ್ವಾ?”

ಮಾಡಿದ್ದರು. ಪಾಯಸ ತಳ ಹಿಡಿದದ್ದು, ಅಪ್ಪ ಎರಡು ಬಟ್ಟಲು ತಿಂದು ನೇರಳೆಯಾದ ನಾಲಗೆ ಚಾಚಿ ಬೆಕ್ಕನ್ನು ಹೆದರಿಸಿದ್ದು, ಎಲ್ಲವನ್ನೂ ಹೇಳಿ ಬರೆಸಿದ್ದರು. ನಾನು ಬರೆದದ್ದು ಇಷ್ಟೇ: ‘ಆಹಾರ: ಸಾಮಾನ್ಯ.’

“ನಾ ಹೇಳಿದ್ದೆಲ್ಲ ಎಲ್ಲಿಗೆ ಹೋಯ್ತು ಸಿಸ್ಟರ್?” ಎಂದು ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. ನನ್ನ ಇಡೀ ಸರ್ವಿಸಿನಲ್ಲಿ ಅಷ್ಟು ನಾಚಿಕೆಯಾದದ್ದು ನೆನಪಿಲ್ಲ. ಅಂದಿನಿಂದ ನಮ್ಮಲ್ಲಿ ಒಂದು ಒಪ್ಪಂದವಾಯಿತು. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ನಾನು ಒಂದು ಮಾತನ್ನೂ ಬಿಡಕೂಡದು, ಸೇರಿಸಕೂಡದು. ಆಮೇಲೆ ಹುಡುಗನ ಉತ್ತರಗಳು ಉದ್ದವಾದವು. ಅವರು ನಗುತ್ತಾ ಮೆಟ್ಟಿಲಿಳಿಯುತ್ತಿದ್ದರು.

ಮಿಷನ್ನಿನ ಎರಡನೇ ವರ್ಷ ಒಂದು ಭಾನುವಾರ ಯಜಮಾನರು ಬೇರೆ ಥರದ ಸಾಲು ಕಳಿಸಿದರು. ಜೀಪಿಗೆ ನಾಲ್ಕೂ ಹೊಸ ಟಯರ್ ಹಾಕಿದೆ, ನೀನು ಬಂದಾಗ ಓಡಿಸಬಹುದು. ಕೆಳಮನೆಯವರು ಅದನ್ನು ಎರಡು ಸಲ ಹೇಳಿದರು. ಟೈಪ್ ಮಾಡುವ ನನಗೆ ಒಂದು ಕ್ಷಣ ಅಕ್ಷರ ಕಾಣಲಿಲ್ಲ. ಸೋಮವಾರ ಉತ್ತರ ಬಂತು. ಬಂದ ದಿನವೇ ಓಡಿಸ್ತೇನೆ, ಅಪ್ಪ ಪಕ್ಕದಲ್ಲಿ ಕೂರ್ಲಿ. ಇವರು ಕೆಳಗೆ ಹೋಗಿ ಹೇಳಿದಾಗ, ಮೊದಲು ಲೈಸೆನ್ಸ್ ಎಲ್ಲಿ ಬಿದ್ದುಂಟೋ ಹುಡುಕ್ಲಿ ಎಂದರಂತೆ ಯಜಮಾನರು.

ಮರುದಿನ, ಮಂಗಳವಾರ, ಬೆಳಗಿನ ಟ್ರಿಪ್ ಮುಗಿಸಿ ಬಂದವರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ಆಸ್ಪತ್ರೆಗೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರು.

ಆ ದಿನ ಎಲ್ಲವನ್ನೂ ಕ್ರಮವಾಗಿ ಮಾಡಿದವಳು ನಾನು. ಕಾಗದ ಪತ್ರ, ವಾಹನ, ಊರಿನ ಕುಟುಂಬದವರಿಗೆ ಸುದ್ದಿ, ಬಂದವರಿಗೆ ಚಹಾ. ಒಂದೂ ತಪ್ಪಲಿಲ್ಲ. ಮಧ್ಯಾಹ್ನ ಕೆಳಮನೆಯವರು ನನ್ನನ್ನು ಅಡುಗೆಮನೆಗೆ ಕರೆದರು.

“ಸಿಸ್ಟರ್, ಅವನಿಗೆ ಈಗ್ಲೇ ಹೇಳ್ಲಿಕ್ಕೆ ಆಗ್ತದಾ?”

“ಸೋಮವಾರ ಅಲ್ವಾ ಅವನು ನೋಡೋದು,” ಎಂದೆ. “ನಡುವೆ ಯಾರೂ ಮಾತಾಡಿಸೋ ಹಾಗಿಲ್ಲ. ಅದು ಅವರ ರೂಲ್ಸು.”

ಅವರು ತಲೆಯಾಡಿಸಿದರು. ನಾನು ಹೇಳಿದ ಮೇಲೆ ಮುಗಿಯಿತು, ಅಷ್ಟು ನಂಬಿಕೆ. ಜಗಲಿಯಲ್ಲಿ ಅವರ ಮೈದುನ, ಮಗ ಬಂದರೂ ಚಿತೆಗೆ ಬೆಂಕಿ ಇಡ್ತಾನಾ ಎಂದು ಯಾರಿಗೋ ಹೇಳುತ್ತಿದ್ದರು. ಅದು ಇವರಿಗೂ ಕೇಳಿಸಿತು. ಇಡದಿದ್ದರೆ ಬೇಡ, ಮುಖ ನೋಡ್ತಿದ್ದ ಎಂದರು ನನಗೊಬ್ಬಳಿಗೇ. ಮರುದಿನ ಮೈದುನನ ಮಗ ಬೆಂಕಿ ಇಟ್ಟ.

ಭಾನುವಾರ ಐದಕ್ಕೆ ಅವರು ಬಂದರು. ಅಷ್ಟು ಕಡಿಮೆ ಮಾತಿನ ಪತ್ರವನ್ನು ಅವರು ಬರೆಸಿದ್ದು ಅದೊಂದೇ ಸಲ.

ಸೋಮವಾರದ ಉತ್ತರವನ್ನು ನಾನು ಮೊದಲು ಒಬ್ಬಳೇ ಓದಿದೆ. ದುಃಖದ ಮಾತುಗಳ ನಡುವೆ ಒಂದು ಪ್ರಶ್ನೆ ಇತ್ತು. ಮಂಗಳವಾರವೇ ಯಾಕೆ ಫೋನ್ ಮಾಡಲಿಲ್ಲ? ಇಂಥದ್ದಕ್ಕೇ ಎಂದು ಇಲ್ಲಿಯ ಆಫೀಸಿನ ನಂಬರು ಮೊದಲನೇ ಪತ್ರದಲ್ಲೇ ಕೊಟ್ಟಿದ್ದೆನಲ್ಲ? ಆ ದಿನವೇ ಹೊರಟಿದ್ದರೆ ಅಪ್ಪನ ಮುಖ ಸಿಗುತ್ತಿತ್ತು. ಈಗ ಬಂದು ಎಂತ ನೋಡಲಿ?

ಫೈಲು ತೆಗೆದೆ. ಮೊದಲನೇ ಹಾಳೆ, ಕೊನೆಯ ಸಾಲು. ಯಾವ ಹೊತ್ತಿಗಾದರೂ ಈ ನಂಬರಿಗೆ ಮಾಡಿ, ನನಗೆ ತಿಳಿಸುತ್ತಾರೆ ಎಂದು ಬರೆದಿತ್ತು. ಅದರ ಪಕ್ಕದಲ್ಲಿ ನನ್ನದೇ ಕೆಂಪು ಟಿಕ್.

ಕೆಳಮನೆಯವರು ಬಂದಾಗ ಉತ್ತರವನ್ನು ಪೂರ್ತಿ ಓದಿದೆ, ಹಾಳೆಯನ್ನೂ ತೋರಿಸಿದೆ. ತಪ್ಪು ನನ್ನದು ಎಂದೆ. ಅವರು ಆ ಹಾಳೆಯ ಮೇಲೆ ಕೈಯಾಡಿಸಿ ಫೈಲು ಮುಚ್ಚಿದರು. ಆಮೇಲೆ ಹೇಳಿದರು.

“ಬರೀರಿ ಸಿಸ್ಟರ್. ಹೇಳೋದು ಬೇಡ ಅಂತ ನಾನೇ ಅಂದೆ ಅಂತ ಬರೀರಿ.”

ಬೇಡವೆಂದೆ. ಹಾಗೆ ಬರೆದರೆ ಅವನಿಗೆ ನಿಮ್ಮ ಮೇಲೆ ಬೇಜಾರಾಗುತ್ತದೆ ಎಂದೆ.

“ಆಗ್ಲಿ. ಅವ್ವನ ಮೇಲೆ ಬೇಜಾರು ಎಷ್ಟು ದಿನ ಇರ್ತದೆ? ನೀವು ಹೊರಗಿನವರು. ನಿಮ್ಮ ಮೇಲೆ ಬಂದ್ರೆ ಹಾಗೇ ಉಳೀತದೆ.”

ನಾನು ಬರೆದೆ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ನಮ್ಮ ಒಪ್ಪಂದ ತಾನೇ? ಒಳ್ಳೆಯ ನಿಯಮವೊಂದರ ಹಿಂದೆ ಅವಿತುಕೊಳ್ಳುವುದು ಎಷ್ಟು ಸುಲಭ ಎಂದು ಅಂದು ತಿಳಿಯಿತು.

ಮುಂದಿನ ಸೋಮವಾರ ಎರಡೇ ಸಾಲು ಬಂತು. ನಾನು ಕ್ಷೇಮ. ಆರೋಗ್ಯ ನೋಡಿಕೋ. ಅದರ ಮುಂದಿನ ವಾರವೂ ಅಷ್ಟೇ, ಮೂರನೇ ವಾರವೂ ಅಷ್ಟೇ. ನಾನು ಓದಿ ಮುಗಿಸಿದರೆ ಅವರು ಪರದೆಯ ಕಡೆ ಬಗ್ಗಿ, ಕೆಳಗೆ ಇನ್ನೂ ಉಂಟಾ ನೋಡಿ ಎನ್ನುತ್ತಿದ್ದರು. ನಾನು ಖಾಲಿ ಪರದೆಯನ್ನು ಸರಿಸಿ ತೋರಿಸುತ್ತಿದ್ದೆ. ಸರಿ ಎಂದು ಎದ್ದು ಹೋಗುತ್ತಿದ್ದರು. ಭಾನುವಾರ ಐದಕ್ಕೆ ಮತ್ತೆ ಬಂದು ಬೆಕ್ಕಿನದ್ದು, ಹೆಂಚಿನದ್ದು, ಎಲ್ಲವನ್ನೂ ಹೇಳಿ ಬರೆಸುತ್ತಿದ್ದರು. ಶೆಡ್ಡಿನಲ್ಲಿ ನಿಂತ ಜೀಪಿನ ಸಾಲನ್ನೂ ತಾವೇ ಸೇರಿಸುತ್ತಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ನಾಲ್ಕನೇ ಭಾನುವಾರ ಅವರು ಇಳಿದುಹೋದ ಮೇಲೆ ನಾನು ನನ್ನ ಹೆಸರಿನಲ್ಲಿ ಬೇರೊಂದು ಮೇಲ್ ಬರೆದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸೋಮವಾರ ಎರಡು ಉತ್ತರ ಬಂದವು. ಒಂದು ಅವ್ವನಿಗೆ, ಮೂರು ಪುಟ. ಇನ್ನೊಂದು ನನಗೆ.

‘ಸಿಸ್ಟರ್, ನೀವು ನನಗೆ ಬರೆದದ್ದು ಅವ್ವನಿಗೆ ಗೊತ್ತಾಗುವುದು ಬೇಡ. ನಿಮ್ಮನ್ನು ಉಳಿಸಿದೆ ಅಂತ ಅವಳು ತಿಳಿದುಕೊಂಡಿದ್ದರೆ ಹಾಗೇ ಇರಲಿ. ಇನ್ನು ನಾನು ಸರಿಯಾಗಿ ಬರೆಯುತ್ತೇನೆ.’

ಮೂರು ಪುಟ ಓದಿ ಹೇಳುವಾಗ ಅವರು ಸೆರಗಿನಿಂದ ಕಣ್ಣೊತ್ತಿಕೊಂಡು, “ನಾ ಹೇಳಿರ್ಲಿಲ್ವಾ, ಎಷ್ಟು ದಿನ ಇರ್ತದೆ ಅಂತ?” ಎಂದರು. ನಾನು ಹೌದು ಎಂದೆ.

ಹುಡುಗ ಮಿಷನ್ ಮುಗಿಸಿ ಬಂದ. ಬಂದ ದಿನವೇ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೀಪು ಓಡಿಸಿದ. ಆಮೇಲೆ ಕಕ್ಕಬೆಯ ಹೋಂಸ್ಟೇ ಒಂದರಲ್ಲಿ ಅಡುಗೆಯ ಉಸ್ತುವಾರಿಗೆ ಸೇರಿದ. ವಾರಕ್ಕೊಮ್ಮೆ ಬಂದಾಗ ಅವ್ವನಿಗೆ ಕಾಫಿ ಮಾಡಿಕೊಡುತ್ತಿದ್ದ. ಕುಡಿಯದವನ ಕೈಯಲ್ಲಿ ಕಾಫಿ ಇಷ್ಟು ಹದವಾಗಿ ಬರುವುದು ಹೇಗೆ ಎಂದು ಅವರು ನನ್ನನ್ನು ಕೇಳುತ್ತಿದ್ದರು. ನೆಂಟರೂ ಒಬ್ಬೊಬ್ಬರಾಗಿ ಬರತೊಡಗಿದರು.

ಮಗನೇ ಮನೆಗೆ ಬಂದಾಯಿತು, ಇನ್ನು ಹೇಳಿದರೆ ತೊಂದರೆಯೇನು, ನಾನು ಅವನಿಗೆ ಎಲ್ಲ ಬರೆದಿದ್ದೆ ಎಂದು ಹೇಳಿ ಅವರ ಕೈ ಹಿಡಿದುಕೊಳ್ಳಬೇಕು ಎಂದು ಎಷ್ಟೋ ಸಲ ಎಣಿಸಿದೆ. ಹುತ್ತರಿ ಹಬ್ಬ ಕಳೆಯಲಿ ಎಂದುಕೊಂಡೆ. ಅವರ ಮಂಡಿನೋವು ಇಳಿಯಲಿ ಎಂದುಕೊಂಡೆ. ನಾವಿಬ್ಬರೇ ಇರುವ ಒಂದು ಹೊತ್ತು ಸಿಗಲಿ ಎಂದುಕೊಂಡೆ. ಅಂಥ ಹೊತ್ತು ದಿನವೂ ಸಿಗುತ್ತಿತ್ತು... ಅವರು ತೀರಿಕೊಂಡು ಈಗ ಮೂರು ಮಳೆಗಾಲವಾಯಿತು. ಕೆಳಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯ ಜನ, ಎದುರಿಗೆ ಸಿಕ್ಕಿದರೆ ಮಾತಾಡಿಸುತ್ತಾರೆ.

ಅವರು ನನಗಾಗಿ ಮಗನ ಮುನಿಸನ್ನು ಹೊತ್ತರು. ಅದನ್ನು ನಾನು ಇಳಿಸಿದೆನೆಂದು ಅವರಿಗೆ ತಿಳಿಯಲಿಲ್ಲ, ಅದು ಸರಿಯೇ. ಆದರೆ ಹೊತ್ತದ್ದಕ್ಕೆ ಒಂದು ಮಾತಾದರೂ ಹೇಳಬೇಕಿತ್ತು. ಅದಕ್ಕೆ ಯಾವ ನಿಯಮವೂ ಅಡ್ಡ ಇರಲಿಲ್ಲ.