ದನಿಯಿಲ್ಲದ ವಿಡಿಯೊ

ಮಲ್ಲಣ್ಣ ಮೋಸ ಮಾಡಿರಲಿಲ್ಲ. ಮೋಸ ಮಾಡಿದವನು ನಾನು. ಆ ವಿಡಿಯೊದಲ್ಲಿ ನನ್ನ ದನಿ ಇತ್ತು — ಅದನ್ನು ತೆಗೆದುಹಾಕಿ ಆಮೇಲೆ ಗ್ರೂಪಿಗೆ ಕಳಿಸಿದೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಲಬುರಗಿಯ ಶಹಾಬಜಾರದ ಓಣಿಯಲ್ಲಿ ನನ್ನ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲಿನ ರೇಲಿಂಗು. ನಾನು ಹಾಕಿದ ಬೆಸುಗೆ ಬಿಟ್ಟುಕೊಂಡಿತು ಎಂದು ಇವತ್ತಿನವರೆಗೂ ಯಾರೂ ಬಂದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಆದರೆ ಗೇಟು ಮಾಡಿಸಿಕೊಂಡವರಿಗೆ ನನ್ನ ಹೆಸರು ಬೇಕಾಗುವುದಿಲ್ಲ. "ಏ ವೆಲ್ಡಿಂಗ್, ಇಲ್ಲಿ ಬಾ" ಅನ್ನುತ್ತಾರೆ. ಹೋಗುತ್ತೇನೆ.

ಮೊಬೈಲಿನ ಗುಂಡು ಹಾರಿಸುವ ಆಟದಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿ ನನ್ನ ಹೆಸರಿನ ಸುತ್ತ ಬಂಗಾರದ ಬಣ್ಣದ ಚೌಕಟ್ಟು. ಇಂಜಿನಿಯರಿಂಗ್ ಓದುವ ಹುಡುಗರು ನನಗೆ "ಉಸ್ತಾದ್" ಅನ್ನುತ್ತಿದ್ದರು. ಎಲ್ಲರೂ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೆವು. ಭಾನುವಾರ ಮೋಮಿನಪುರದ ಹೋಟೆಲೊಂದರಲ್ಲಿ ಕೂಡುತ್ತಿದ್ದೆವು. ನಮ್ಮದೊಂದು ಪದ್ಧತಿ ಇತ್ತು — ದರ್ಜೆಯಲ್ಲಿ ಎಲ್ಲರಿಗಿಂತ ಮೇಲಿರುವವನು ಗೋಡೆಗೆ ಒರಗಿ ಕೂರಬೇಕು. ಅವನಿಂದಾಗಿ ಆ ಜಾಗ ಕಳೆದುಕೊಂಡವನು ಎದ್ದು ಹೋಗಿ ಎಲ್ಲರಿಗೂ ಚಹಾ ತರಬೇಕು. ತಮಾಷೆಗೆ ಮಾಡಿಕೊಂಡದ್ದು. ಬಹಳ ದಿನ ನಾನು ಚಹಾ ತಂದಿರಲಿಲ್ಲ.

ಗೇಟು ಒಂದು ಸಲ ನಿಲ್ಲಿಸಿದರೆ ನಿಂತಿರುತ್ತದೆ. ಆಟದಲ್ಲಿ ಹಾಗಲ್ಲ. ಒಂದೆರಡು ತಿಂಗಳ ಸೀಸನ್ ಮುಗಿದ ಕೂಡಲೇ ಗಳಿಸಿದ ದರ್ಜೆಯನ್ನು ಆಟದವರೇ ಕೆಳಗಿಳಿಸುತ್ತಾರೆ, ಮತ್ತೆ ಹತ್ತಬೇಕು. ಹತ್ತದಿದ್ದರೆ ಬೇರೆಯವನು ಹತ್ತುತ್ತಾನೆ. ಗೆಲ್ಲುವ ಖುಷಿ ಯಾವಾಗ ಹೋಯಿತೋ ಗೊತ್ತಿಲ್ಲ — ಇಳಿಯುವ ಭಯಕ್ಕೇ ಆಡುತ್ತಿದ್ದೆ. ಹೆಂಡತಿ ಏನಾದರೂ ಹೇಳಿದರೆ ಹೂಂ ಅನ್ನುತ್ತಿದ್ದೆ, ಏನು ಹೇಳಿದಳೆಂದು ಕೇಳಿಸಿಕೊಳ್ಳದೆ.

ಮಲ್ಲಣ್ಣ ಕಮಲಾಪುರದವನು. ಅಲ್ಲಿನ ಕೆಂಪು ಬಾಳೆಯನ್ನು ತನ್ನ ಗೂಡ್ಸ್ ಆಟೊದಲ್ಲಿ ಕಲಬುರಗಿಗೆ ತರುತ್ತಿದ್ದ. ಆಟೊದ ಹಿಂಬಾಗಿಲು ಮುರಿದು ನನ್ನ ಅಂಗಡಿಗೆ ಬಂದಾಗ ಪರಿಚಯವಾಯಿತು. ಅವನ ಮೊಬೈಲಿಗೆ ಆಟ ಹಾಕಿಕೊಟ್ಟವನು ನಾನೇ, ಕಲಿಸಿದವನೂ ನಾನೇ. ಇಬ್ಬರೂ ಜೋಡಿಯಾಗಿ ಆಡುತ್ತಿದ್ದೆವು. ನಾನು ಅಂಗಡಿಯಲ್ಲಿ, ಅವನು ಅವನ ಊರಲ್ಲಿ, ಇಬ್ಬರ ಕಿವಿಗೂ ಇಯರ್‌ಫೋನು. ಅವನದು ಮಾತು ಕಡಿಮೆ. "ಶರಣಣ್ಣ, ನೀ ಹೇಳು, ನಾ ಹೊಡಿತೀನಿ" ಅನ್ನುತ್ತಿದ್ದ. ಹೇಳಿದಲ್ಲಿಗೇ ಹೊಡೆಯುತ್ತಿದ್ದ. ಹೀಗೆ ಹೊಡೆಯುತ್ತಲೇ ಒಂದು ಸೀಸನ್ನಿನ ಕೊನೆಗೆ ನನ್ನನ್ನು ದಾಟಿಹೋದ.

ಆ ಭಾನುವಾರ ನವೀದ — ಗುಂಪಿನ ಹುಡುಗರಲ್ಲೆಲ್ಲ ಬಾಯಿ ಜೋರಿದ್ದವನು — ಗೋಡೆಯ ಕಡೆ ಕೈ ಮಾಡಿದ. "ಉಸ್ತಾದ್ ಈಗ ಮಲ್ಲಣ್ಣ. ಏಳ್ರಿ ಕಾಕಾ, ಚಾ ತರ್ರಿ."

ಕಾಕಾ. ಒಂದು ವಾರದಲ್ಲಿ ಉಸ್ತಾದ್ ಹೋಗಿ ಕಾಕಾ ಆಗಿದ್ದೆ. ಎಲ್ಲರೂ ನಕ್ಕರು. ಮಲ್ಲಣ್ಣ ಅರ್ಧ ಎದ್ದ. "ಏ, ಅಣ್ಣಗ ಯಾಕ ಹಚ್ತೀರಿ? ನಾ ತರ್ತೀನಿ ಬಿಡ್ರಿ."

ಅವನು ಹಾಗೆ ಅನ್ನದಿದ್ದರೆ ನಾನು — ಇಲ್ಲ. ಅದು ನೆಪ. ಚಹಾ ನಾನೇ ತಂದೆ.

ಅದೇ ವಾರ ಜೋಡಿಯಾಗಿ ಆಡುವಾಗ ನಾನು ಮೊದಲು ಸತ್ತೆ. ಸತ್ತವನಿಗೆ ಜೋಡಿಯವನ ಪರದೆ ಕಾಣುತ್ತದೆ. ನನ್ನ ಮೊಬೈಲಿನಲ್ಲಿ ಅದೆಲ್ಲ ರೆಕಾರ್ಡ್ ಆಗುತ್ತಿತ್ತು. ನನ್ನನ್ನು ಹೊಡೆದವನು ನೀರಿನ ಟಾಕಿಯ ಎಡಕ್ಕೆ, ಹೊಗೆಯೊಳಗೆ ಕೂತಿದ್ದ. ಮಲ್ಲಣ್ಣನಿಗೆ ಅವನು ಕಾಣುತ್ತಿರಲಿಲ್ಲ. "ಟಾಕಿ ಎಡಕ್ಕ, ಹೊಗಿ ಒಳಗ ಹೊಡಿ" ಅಂದೆ. ಹೊಡೆದ. ಗೆದ್ದೆವು.

ಮರುದಿನ ಆ ವಿಡಿಯೊವನ್ನು ದನಿ ಬಂದ್ ಮಾಡಿ ನೋಡಿದೆ. ಯಾಕೆ ಹಾಗೆ ನೋಡಿದೆನೋ — ಗೊತ್ತಿತ್ತು, ಯಾಕೆಂದು. ದನಿಯಿಲ್ಲದೆ ನೋಡಿದರೆ ಮಲ್ಲಣ್ಣ ಕಾಣದ ಆಳಿಗೆ ಗುರಿಯಿಟ್ಟು ಹೊಡೆದ ಹಾಗಿತ್ತು. ಗೋಡೆಯಾಚೆಗಿನದನ್ನೂ ತೋರಿಸುವ ಕಳ್ಳ ಸಾಫ್ಟ್‌ವೇರ್ ಹಾಕಿಕೊಂಡವರು ಹೊಡೆಯುವುದು ಹೀಗೆಯೇ. ಅಂಥವರಿಗೆ ಹ್ಯಾಕರ್ ಅನ್ನುತ್ತಾರೆ. ದನಿ ತೆಗೆದ ವಿಡಿಯೊ ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: "ನನಗೂ ಬ್ಯಾಸರ ಆಗ್ಯಾದ. ನೀವೇ ನೋಡ್ರಿ." ಹುಡುಗರೆಲ್ಲ ಕೂಡಿ ಆಟದವರಿಗೆ ದೂರು ಹಾಕಿದರು. ಮಲ್ಲಣ್ಣನ ಖಾತೆ ಬಂದ್ ಆಯಿತು. ನಾನು ಮೂಲ ವಿಡಿಯೊ ಅಳಿಸಿಬಿಟ್ಟೆ.

ಮುಂದಿನ ಭಾನುವಾರ ಅವನು ಹೋಟೆಲಿಗೆ ಬಂದ. ಕೂರಲಿಲ್ಲ.

"ಶರಣಣ್ಣ, ಇದರಾಗ ನಿನ್ನ ದನಿ ಎಲ್ಲಿ ಹೋತು?"

"ರೆಕಾರ್ಡ್ ಆಗಿಲ್ಲಪ."

"ಹೋಗ್ಲಿ. ಬಾಯಿಂದರ ಹೇಳು. ಟಾಕಿ ಎಡಕ್ಕ ಅಂತ ನೀನೇ ಹೇಳಿದ್ದಿಲ್ಲೇನು?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಗೋಡೆಗೆ ಒರಗಿ ಕೂತವನು ಆಗಲೇ ಮತ್ತೆ ನಾನೇ ಆಗಿದ್ದೆ.

"ನಾ ಏನ್ ಹೇಳಿದ್ನೋ, ನಂಗ ನೆನಪಿಲ್ಲ."

ಅವನು ಇನ್ನೊಮ್ಮೆ ಕೇಳಲಿಲ್ಲ. ಹೊರಗೆ ಹೋದ. "ಉಸ್ತಾದ್, ಇನ್ನೊಂದು ಚಾ?" ಎಂದು ಯಾರೋ ಕೇಳಿದರು. ಕುಡಿದೆ. ರುಚಿ ಏನೂ ಅನ್ನಿಸಲಿಲ್ಲ, ಬೇರೆ ಏನೂ ಅನ್ನಿಸಲಿಲ್ಲ.

ಇದು ಆಟದೊಳಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ನವೀದನ ಅಬ್ಬಾ ಹಣ್ಣಿನ ವ್ಯಾಪಾರಿ. ಮಲ್ಲಣ್ಣನ ಬಾಳೆ ಇಳಿಯುತ್ತಿದ್ದದ್ದು ಅವರ ಅಂಗಡಿಯಲ್ಲೇ. ಈ ಹ್ಯಾಕರ್ ಸುದ್ದಿಯನ್ನು ನವೀದ ಮನೆಯಲ್ಲಿ ನಗುತ್ತ ಹೇಳಿದ್ದಾನೆ. ಅವನ ಅಬ್ಬಾ ಸರಕು ಇಳಿಸುವ ಹಮಾಲರ ಮುಂದೆ ಕೇಳಿದರಂತೆ — "ಏನಪ ಮಲ್ಲಣ್ಣ, ತೂಕದಾಗೂ ಹ್ಯಾಕ್ ಹಾಕಿಯೇನು?" ತೂಗಿದ್ದನ್ನು ಮತ್ತೆ ತೂಗಿಸಿದರಂತೆ. ಸರಿಯಾಗಿಯೇ ಇತ್ತು. ಆದರೂ ಅವನ ಮಾಲು ಬಂದಾಗಲೆಲ್ಲ ಎರಡೆರಡು ಸಲ ತೂಗುವುದು ರೂಢಿಯಾಯಿತು. ಹಮಾಲರು ಅವನನ್ನು "ಹ್ಯಾಕರ್" ಎಂದೇ ಕೂಗತೊಡಗಿದರು. ಕೊನೆಗೆ ಅವನು ಕಲಬುರಗಿಗೆ ಬರುವುದನ್ನೇ ಬಿಟ್ಟ. ಆಟೊ ಮಾರಿದ. ಇದನ್ನೆಲ್ಲ ಯಾರು ಯಾರೋ ನನಗೆ ಬಂದು ಹೇಳಿದರು. ಕೇಳಿಸಿಕೊಂಡು ಕೆಲಸ ಮುಂದುವರಿಸಿದೆ. ಹಾಗೆ ವರ್ಷಗಳು ಹೋದವು.

ಈಚೆಗೆ ಒಂದು ಶಟರ್ ಕೆಲಸಕ್ಕೆ ಕಮಲಾಪುರಕ್ಕೆ ಹೋಗಿದ್ದೆ. ಮಲ್ಲಣ್ಣ ರಸ್ತೆಯ ಬದಿಗೆ ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದ. ಎದುರಿಗೆ ಹೋಗಿ ನಿಂತು, "ದನಿ ನಾನೇ ತೆಗೆದಿದ್ದೆ" ಅಂದೆ.

ಅವನು ಗಿರಾಕಿಗೆ ಹಣ್ಣು ಮುರಿದುಕೊಡುತ್ತಿದ್ದ. ತಲೆ ಎತ್ತಲಿಲ್ಲ.

"ನಂಗ್ಯಾಕ ಹೇಳ್ತಿ ಶರಣಣ್ಣ? ನನ್ನ ಕಿವ್ಯಾಗೇ ಹೇಳಿದ್ದಿ ನೀ. ಗೊತ್ತಿಲ್ದವರಿಗಿ ಹೇಳು, ಹೋಗು."

ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಇನ್ನೊಬ್ಬ ಗಿರಾಕಿ ಬಂದ; ನಾನು ಪಕ್ಕಕ್ಕೆ ಸರಿಯಬೇಕಾಯಿತು.

ಆ ಭಾನುವಾರ, ಹೋಟೆಲಿಗೆ ಇನ್ನೂ ಬರುವ ಹಳೆಯ ಹುಡುಗರಿಗೆ ಹೇಳಿದೆ, ಒಂದೂ ಬಿಡದೆ. ನವೀದ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ಛೋಡೋ ಉಸ್ತಾದ್, ಅದು ಹಳೇ ಸೀಸನ್."

ಅಲ್ಲಿಂದ ಎದ್ದು ಅವನ ಅಬ್ಬಾರ ಅಂಗಡಿಗೆ ಹೋದೆ. ಅವರ ಹೊಸ ಮನೆಯ ಗೇಟು ನನ್ನ ಅಂಗಡಿಯಲ್ಲಿ ತಯಾರಾಗಿ ನಿಂತಿತ್ತು. ನಮ್ಮ ಕೆಲಸಕ್ಕೆ ಕಬ್ಬಿಣದ ತೂಕದ ಮೇಲೆ ದರ. ತೂಕ ನಾನು ಹೇಳಿದ್ದೇ. ತೂಗಿ ತೋರಿಸು ಎಂದು ಯಾರೂ ಕೇಳಿದವರಿಲ್ಲ. ಹಮಾಲರು ಇದ್ದರು. ಅವರ ಮುಂದೆಯೇ ಹೇಳಿದೆ — ಮಲ್ಲಣ್ಣನದು ತಪ್ಪಿಲ್ಲ, ಸುಳ್ಳು ನನ್ನದು.

ನವೀದನ ಅಬ್ಬಾ ಪೂರ್ತಿ ಕೇಳಿದರು.

"ಹಂಗಾದ್ರ ನಮ್ಮ ಗೇಟೂ ಒಮ್ಮೆ ತೂಗ್ಸೋಣೇನ್ರಿ?"

ತಮಾಷೆಗೆ ಕೇಳಿದ್ದಲ್ಲ. ಹಿಂದೆ ನಿಂತ ಹಮಾಲನೊಬ್ಬ ನಕ್ಕ.

"ತೂಗ್ಸ್ರಿ" ಅಂದೆ.

ಮಲ್ಲಣ್ಣನ ಬಾಳೆ ಮತ್ತೆ ಆ ಅಂಗಡಿಗೆ ಬರುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಮರುದಿನ ಬೆಳಿಗ್ಗೆ ಗೇಟನ್ನು ಟೆಂಪೊಗೆ ಹೇರಿಕೊಂಡು ನವೀದನ ಅಬ್ಬಾರ ಅಂಗಡಿಗೆ ಹೋದೆ. ಅವರು ಬಂದು ನೋಡುತ್ತ ನಿಂತಿದ್ದರು. ತಕ್ಕಡಿಯ ಮೇಲೆ ಇಳಿಸಿ, ಕೈ ತೆಗೆದು, ದೂರ ಸರಿದು ನಿಂತೆ.