ಹೊಳೆಯ ಮೇಲಿನ ಬಡ್ಡಿ

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಬಾಗಲಕೋಟೆಯ ಉಚಿತ ಪ್ರಸಾದ ನಿಲಯದಲ್ಲಿ ಪಾತ್ರೆ ತಿಕ್ಕಿ, ಇನ್ನೊಬ್ಬರ ಹಳೆಯ ಅಂಗಿ ತೊಟ್ಟು ಬಿ.ಎ. ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎರಡನೆಯವಳು ನನ್ನ ತಂಗಿಯಾಗಬೇಕಿತ್ತು. ಓದಿನಲ್ಲಿ ಅವಳು ನನಗಿಂತ ಚುರುಕು.

ನಮ್ಮೂರು ಮಲಪ್ರಭೆಯ ದಂಡೆಯಲ್ಲಿದೆ. ಏಳನೆಯ ಇಯತ್ತೆಯವರೆಗೆ ಊರಲ್ಲೇ ಸಾಲೆ. ಮುಂದೆ ಓದಲು ಹೊಳೆ ದಾಟಿ ಅಮೀನಗಡಕ್ಕೆ ಹೋಗಬೇಕು. ದಾಟಲು ಇದ್ದದ್ದು ಒಂದು ಹರಗೋಲು. ಹೊಳೆ ತುಂಬಿದರೆ ಅದೂ ಇಲ್ಲ. ಗಂಡುಮಗನೆಂದು ನನ್ನನ್ನು ಪರವೂರಲ್ಲಿ ಇಟ್ಟರು. ಹೆಣ್ಣುಮಗಳು ಸಂಜೆಗೆ ಮನೆ ಸೇರಲೇಬೇಕು. "ಬ್ರಿಜ್ಜ ಆಗಲಿ, ಕಳಸ್ತೇನಿ," ಎಂದು ಅಪ್ಪ ಅವಳಿಗೆ ಮಾತು ಕೊಟ್ಟಿದ್ದ. ಏಳನೆಯದು ಮುಗಿಸಿ, ಆ ಮಾತು ನಂಬಿ, ಅವಳು ಮನೆಯಲ್ಲಿ ಕೂತಿದ್ದಳು.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಬಿ.ಡಿ.ಓ. ಸಾಹೇಬರು ಊರಿಗೆ ಬಂದರು. ಮಠದ ಅಂಗಳದಲ್ಲಿ ಸಭೆ. ಸೇತುವೆಗೆ ಸರಕಾರದ ಬಳಿ ಪೂರ್ತಿ ಹಣವಿಲ್ಲ, ಬಾಂಡು ಮಾರಿ ಕೂಡಿಸುತ್ತಿದೆ. ಯಾವ ಊರು ಬಾಂಡು ಕೊಳ್ಳಲು ಒಪ್ಪುತ್ತದೋ ಆ ಊರಿಗೆ ಮೊದಲು ಸೇತುವೆ ಎಂದರು. ಜನರಿಗೆ ಬಾಂಡೆಂದರೆ ಏನೆಂದು ತಿಳಿಯಲಿಲ್ಲ. ಓದಿದವನೆಂದು ನನ್ನನ್ನು ಎಬ್ಬಿಸಿದರು.

"ಸರಕಾರ ನಮ್ಮ ಕಡೆ ಸಾಲಾ ತಗೋತೈತಿ. ಮುದ್ದತ್ತು ಮುಗದ ಮ್ಯಾಲೆ ಬಡ್ಡಿ ಸಮೇತ ಹೊಳ್ಳಿ ಕೊಡತೈತಿ," ಎಂದೆ.

"ಕೊಡಲಿಲ್ಲಂದ್ರ ಯಾರ ಬಾಗಲಿಗೆ ಹೋಗಿ ಕುಂದರೂದೋ?" ಎಂದ ಒಬ್ಬ.

"ಎಮ್ಮಿ ಎಳಕೊಂಡ ಬಂದಂಗ ವಿಧಾನಸೌಧಾ ಎಳಕೊಂಡ ಬಂದ ನಿನ್ನ ಹಿತ್ತಲದಾಗ ಕಟ್ಟು ಲೇ," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಕೆಲಸ ಆಯಿತೆಂದೇ ನಾನು ತಿಳಿದೆ.

ಆಗ ಅಪ್ಪ ಎದ್ದು ನಿಂತ.

"ಸಾಹೇಬ್ರ, ಹೊಳಿ ದಾಟಸೂದು ನಮ್ಮೂರಾಗ ಕಾಯಕ ಐತ್ರಿ. ಸುಗ್ಗ್ಯಾಗ ಅಂಬಿಗರಾಂವಗ ಮನಿಗೊಂದು ಬುಟ್ಟಿ ಜೋಳಾ ಕೊಡ್ತೇವಿ. ದಾಟಾವ್ರ ಕಡೆ ಒಂದ್ ಪೈಸಾ ಕೇಳಂಗಿಲ್ಲ, ಪರವೂರಾಂವ ಇದ್ರೂ ಕೇಳಂಗಿಲ್ಲ. ಅಂಥಾ ಹೊಳಿಮ್ಯಾಲೆ ನಾವು ಬಡ್ಡಿ ತಿನ್ನೂದೇನ್ರಿ? ಜೋಳಾ ಒಯ್ರಿ. ಮನಿಗೊಂದು ಆಳು ಒಯ್ರಿ, ಕಲ್ಲು ಹೊರತೇವಿ. ಬಡ್ಡಿ ಬ್ಯಾಡ್ರಿ."

ಹಿರಿಯರು ಹೌದೆಂದು ತಲೆಯಾಡಿಸತೊಡಗಿದರು.

"ಯಜಮಾನ್ರ, ಸರಕಾರ ಜೋಳಾ ತಗೊಳ್ಳಂಗಿಲ್ರಿ," ಎಂದರು ಸಾಹೇಬರು, ಬಹಳ ಮೆತ್ತಗೆ.

"ಅಪ್ಪಾ, ಬಡ್ಡಿ ಬಂದ್ರ ಮಠದ ದಾಸೋಹಕ್ಕ ಕೊಡೂಣಂತ," ಎಂದೆ ನಾನು.

"ದಾಸೋಹಕ್ಕ ಬಡ್ಡಿ ರೊಕ್ಕಾ ಹಾಕೂದು ಕಾಲೇಜಿನ್ಯಾಗ ಕಲಿಸ್ಯಾರೇನು?"

ಮಂದಿ ಮತ್ತೆ ನಕ್ಕರು. ಈ ಸಲ ನಗೆ ನನ್ನ ಮೇಲೆ.

ಬಾಂಡು ಬೇಕೆನ್ನುವವರು ಕೈ ಎತ್ತಿ ಎಂದರು ಸಾಹೇಬರು. ನಮ್ಮೂರಲ್ಲಿ ಮನೆಗೊಂದು ಕೈ. ನಮ್ಮ ಮನೆಯ ಕೈ ಅಪ್ಪನದು. ನನ್ನ ಪದವಿಗೆ ಅಲ್ಲಿ ಕೈ ಇರಲಿಲ್ಲ. ಕಿರಾಣಿ ಅಂಗಡಿಯವನು ಎತ್ತಿದ, ಇನ್ನೊಂದಿಬ್ಬರು ಅರ್ಧ ಎತ್ತಿ ಅತ್ತಿತ್ತ ನೋಡಿ ಇಳಿಸಿದರು. ಅಷ್ಟರಲ್ಲಿ ಹೆಣ್ಣುಮಕ್ಕಳು ನಿಂತಿದ್ದ ಕಂಬದ ಕಡೆಯಿಂದ ಒಂದು ಸಣ್ಣ ಕೈ ಮೇಲೆದ್ದಿತು. ತಂಗಿಯದು.

"ಏ, ಹುಡಿಗಿ ಕೈ ಎತ್ಯಾಳ, ಅದನ್ನೂ ಎಣಸ್ರೆಪಾ!" ಎಂದು ಯಾರೋ ಕೂಗಿದರು. ಅವ್ವ ಅವಳ ಕೈ ಹಿಡಿದು ಎಳೆದು ಸೆರಗಿನೊಳಗೆ ಮುಚ್ಚಿಕೊಂಡಳು. ಅಪ್ಪ ಅದನ್ನು ನೋಡಿದ. ನೋಡಿಯೂ, ಬೇಡವೆನ್ನುವವರ ಸರದಿ ಬಂದಾಗ ಕೈ ಎತ್ತಿದ. ಅವನ ಹಿಂದೆ ಇಡೀ ಅಂಗಳ ಕೈ ಎತ್ತಿತು.

ಮನೆಗೆ ಹೋಗುವಾಗ ತಂಗಿ ಕೇಳಿದಳು, "ಅಪ್ಪಾ, ಬ್ರಿಜ್ಜ ಬರಂಗಿಲ್ಲೇನು?"

"ಬರತೈತವ್ವಾ. ತಡಾ ಆಗತೈತಿ."

"ನನಗ ತಡಾ ಆಗತೈತಲ್ಲಪ್ಪಾ."

ಆ ದಿನ ಅಪ್ಪ ಊಟ ಮಾಡಲಿಲ್ಲ.

ಸೇತುವೆ ಬಾಂಡಿಗೆ ಒಪ್ಪಿದ, ಹೊಳೆಗುಂಟ ಬಹುದೂರ ಕೆಳಗಿನ ಊರಿಗೆ ಹೋಯಿತು. ಅಪ್ಪನನ್ನು ನಾನು ಬೈದಿದ್ದೇನೆ, ಎದುರಿಗೇ ಬೈದಿದ್ದೇನೆ. ಆದರೆ ಮುಂದೆ ನೌಕರಿಯಲ್ಲಿ ಎಷ್ಟೋ ಮಂದಿಯನ್ನು ಕಂಡ ಮೇಲೆ, ಬರುವ ಬಡ್ಡಿಯನ್ನು ಬೇಡವೆಂದ ಒಂದು ಊರು ನನ್ನದಾಗಿತ್ತಲ್ಲ ಎಂದು ಎದೆ ತುಂಬುತ್ತದೆ. ತುಂಬಿದ ಬೆನ್ನಿಗೇ ಸೆರಗಿನೊಳಗೆ ಮುಚ್ಚಿಹೋದ ಆ ಕೈ ನೆನಪಾಗುತ್ತದೆ. ಎರಡನ್ನೂ ಹೊಂದಿಸುವುದು ಇಂದಿಗೂ ನನ್ನಿಂದ ಆಗಿಲ್ಲ.

ಮರುವರ್ಷ ತಂಗಿಯನ್ನು ಇಳಕಲ್ಲಿನ ನೇಕಾರಿಕೆಯ ಮನೆಗೆ ಕೊಟ್ಟರು. ಒಳ್ಳೆಯ ಮನೆ, ಉಣ್ಣಲು ಉಡಲು ಕೊರತೆಯಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಒಮ್ಮೆ ಅವಳನ್ನು ನೋಡಲು ಹೋದೆ. ಒಳಗೆ ಮಗ್ಗದ ಸದ್ದು. ಅವಳು ಪಡಸಾಲೆಯಲ್ಲಿ ಕೂತು ರಾಟೆಯ ಮೇಲೆ ನೂಲು ಸುತ್ತುತ್ತಿದ್ದಳು. ಊರ ಸುದ್ದಿಯೆಲ್ಲ ಮುಗಿದ ಮೇಲೆ, ತಲೆ ಎತ್ತದೆ ಕೇಳಿದಳು:

"ಅಣ್ಣಾ, ಎಂಟನೇ ಇಯತ್ತೆದಾಗ ಏನೇನ್ ಕಲಸ್ತಾರ?"

"ಬೀಜಗಣಿತಾ ಶುರು ಆಗತೈತಿ," ಎಂದೆ.

"ಹಂಗಂದ್ರ?"

"ಗೊತ್ತಿಲ್ಲದ್ದಕ್ಕ ಒಂದು ಅಕ್ಷರಾ ಇಟ್ಟು ಲೆಕ್ಕಾ ಬಿಡಸೂದು."

ನೆಲದ ಮೇಲೆ ಬೆರಳಿನಿಂದ ಒಂದು ಲೆಕ್ಕ ಬರೆದು ತೋರಿಸಿದೆ. ಅವಳು ರಾಟೆ ನಿಲ್ಲಿಸಿ ನೋಡಿದಳು. ನಾನು ಮುಗಿಸುವ ಮೊದಲೇ ಉತ್ತರ ಹೇಳಿಬಿಟ್ಟಳು.

"ಇಷ್ಟೇ ಏನು? ಇದು ನನಗ ಬರ್ತಿತ್ತಲ್ಲಣ್ಣಾ," ಎಂದಳು.

ಒಳಗಿನಿಂದ ಅತ್ತೆ ಕೂಗಿದರು. ನೂಲಿಗಾಗಿ ಮಗ್ಗ ನಿಂತಿತ್ತು.