ಮೇಲ್ಮನೆಯವಳು ಕೊಟ್ಟ ಗೆಣಸು

ಸಂಕ್ರಾಂತಿಗೆ ಇನ್ನೂ ವಾರವಿರುವಾಗಲೇ ನಮ್ಮ ಬಿಳೇಕಹಳ್ಳಿಯ ರಸ್ತೆ ಬದಿಯಲ್ಲಿ ಅವರೆಕಾಯಿ ರಾಶಿ ಬಿದ್ದಿತ್ತು. ಸೊಗಡವರೆ. ಅದರ ಜಿಡ್ಡು ಒಮ್ಮೆ ಕೈಗೆ ಹತ್ತಿದರೆ ಸೋಪು ಹಾಕಿ ಉಜ್ಜಿದರೂ ಸಂಜೆಯವರೆಗೆ ಬಿಡುವುದಿಲ್ಲ. ನಾನು ಚೀಲ ಹಿಡಿದು, ಬಗ್ಗಿ ಕಾಯಿ ಆರಿಸುತ್ತಿದ್ದೆ. ಮಾರುವವಳು ತಕ್ಕಡಿಯಲ್ಲಿ ಏನಾದರೂ ಕೈಚಳಕ ತೋರಿಸುತ್ತಾಳೇನೋ ಎಂದು ಒಂದು ಕಣ್ಣು ಅವಳ ಕೈ ಮೇಲೇ ಇತ್ತು. ಅಷ್ಟರಲ್ಲಿ ಆ ಸೊಗಡು ಮೂಗಿಗೆ ಬಡಿದು ನಮ್ಮ ಮೇಲ್ಮನೆಯವಳು ನೆನಪಾದಳು. ಚಳಿಗಾಲದ ಸಂಜೆ ಅವಳು ಮೆಟ್ಟಿಲು ಹತ್ತಿ ಹೋದರೆ ಹಿಂದೆ ಇದೇ ವಾಸನೆ ಉಳಿಯುತ್ತಿತ್ತು... ಅವರೆಕಾಯಿ, ಒಣಹುಲ್ಲು, ಜೊತೆಗೆ ಯಾವುದೋ ಪ್ರಾಣಿಯದು.

ನನಗೆ ಅನುಮಾನ ಜಾಸ್ತಿ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ನಾಲ್ಕು ಬಾಡಿಗೆ ಮನೆ ಇಟ್ಟುಕೊಂಡವಳಿಗೆ ಅನುಮಾನ ಇರಲೇಬೇಕು. ಹೊಲ ಇದ್ದಾಗ ನಮ್ಮ ಮಾವನವರು ಬೆಳೆ ಕಾಯುತ್ತಿದ್ದರು. ಹೊಲ ಹೋಗಿ ಮನೆಗಳೆದ್ದ ಮೇಲೆ ನಾನು ಬಾಡಿಗೆಯವರನ್ನು ಕಾಯುತ್ತಿದ್ದೇನೆ. ಯಾರ ಮನೆಗೆ ಯಾರು ಬಂದರು, ಮೋಟಾರ್ ಯಾರು ಆಫ್ ಮಾಡಲಿಲ್ಲ, ಯಾರ ಕಸದ ಬುಟ್ಟಿಯಲ್ಲಿ ಬಾಟಲಿ ಇದೆ ಎಲ್ಲವೂ ನನಗೆ ಗೊತ್ತಿರುತ್ತದೆ.

ಇದರಲ್ಲಿ ಅರ್ಧ ನಮ್ಮ ಅತ್ತೆಯಿಂದ ಬಂದದ್ದು. ಬೇರೆಯವರ ಮನೆಯಿಂದ ಬಂದದ್ದನ್ನು ಹಾಗೇ ಬಾಯಿಗೆ ಹಾಕಬಾರದು ಎನ್ನುತ್ತಿದ್ದರು ಅವರು. ಊಟದಲ್ಲಿ ಮದ್ದು ಬೆರೆಸಿ ಕೊಡುವವರಿರುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ನಿಧಾನವಾಗಿ ಒಣಗಿಸುತ್ತದೆ ಎಂದು ನಂಬಿದ್ದರು. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿ. ತಂದುಕೊಟ್ಟವರು ನಮ್ಮೆದುರಿಗೇ ಒಂದು ತುತ್ತು ತಿನ್ನಬೇಕು, ಆಮೇಲೆ ನಾವು. ಎಷ್ಟೋ ನೆಂಟರು ಇದೇ ಕಾರಣಕ್ಕೆ ಮುಖ ಊದಿಸಿಕೊಂಡು ಹೋಗಿದ್ದಾರೆ. ನಾನು ಪಿಯುಸಿ ಓದಿದವಳು, ಮದ್ದು ಗಿದ್ದು ಎಲ್ಲ ಸುಳ್ಳು ಎಂದು ನನಗೂ ಗೊತ್ತು. ಆದರೂ ಪದ್ಧತಿ ಬಿಟ್ಟಿಲ್ಲ.

ಮೇಲ್ಮನೆಯವಳು ಬಾಡಿಗೆಗೆ ಬಂದಾಗ ಬ್ರೋಕರ್ ಹೇಳಿದ್ದು ಇಷ್ಟೇ. ಒಬ್ಬಳೇ ಇರುತ್ತಾಳೆ, ಬನ್ನೇರುಘಟ್ಟದ ಕಡೆ ಆಫೀಸು. ಮೂವತ್ತು ದಾಟಿದ್ದ, ಮಾತು ಕಡಿಮೆಯ, ಗಟ್ಟಿಮುಟ್ಟಾದ ಹೆಂಗಸು. ಅದು ಯಾವ ಆಫೀಸು ಅನ್ನುವುದೇ ನನಗೆ ಬಗೆಹರಿಯಲಿಲ್ಲ. ಯಾವ ಆಫೀಸಿನವರು ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾರೆ? ಯಾವ ಆಫೀಸಿನಲ್ಲಿ ಕೂದಲಿಗೆ ಒಣಹುಲ್ಲು ಸಿಕ್ಕಿಕೊಳ್ಳುತ್ತದೆ? ಭಾನುವಾರ ಟೆರೇಸಿನಲ್ಲಿ ಕೂತು ಪ್ಲಾಸ್ಟಿಕ್ ಪೈಪಿನ ತುಂಡುಗಳಿಗೆ ತೂತು ಕೊರೆಯುತ್ತಿದ್ದಳು. ಜೇನುತುಪ್ಪದ ಬಾಟಲಿಗಳು ಸಾಲಾಗಿ ಇರುತ್ತಿದ್ದವು. ಕೇಳಿದರೆ, "ಆಫೀಸ್ ಕೆಲ್ಸ ಆಂಟಿ" ಎಂದು ನಕ್ಕು ಒಳಗೆ ಹೋಗುತ್ತಿದ್ದಳು. ಹಬ್ಬಹರಿದಿನಕ್ಕೆ ಡಬ್ಬಿಯಲ್ಲಿ ಏನಾದರೂ ಕಳಿಸುತ್ತಿದ್ದಳು, ನಾನು ಅದನ್ನು ಮುಟ್ಟುತ್ತಿರಲಿಲ್ಲ.

ಅವಳು ಬಂದ ಮೊದಲ ಸಂಕ್ರಾಂತಿಯ ಹೊತ್ತಿಗೆ ಇನ್ನೊಂದು ಶುರುವಾಯಿತು. ಬೀದಿಯ ಮನೆಮನೆಗೂ ಹೋಗಿ ಹಳೆಯ ಬಟ್ಟೆ ಕೇಳತೊಡಗಿದಳು. ಅದು ಸರಿ, ಅನಾಥಾಶ್ರಮಕ್ಕೆ ಅಂದುಕೊಳ್ಳಬಹುದು. ಆದರೆ ಅವಳು ಕೇಳುತ್ತಿದ್ದ ರೀತಿ ಬೇರೆ. "ಒಗೀಬೇಡಿ, ಉಟ್ಟಿದ್ದು ಹಾಗೇ ಕೊಡಿ."

ಉಟ್ಟ ಬಟ್ಟೆ, ಅದೂ ಒಗೆಯದೆ! ಮಾಟ ಮಾಡುವವರು ಕೇಳುವುದೇ ಅದನ್ನು. ನಾನು ಎದುರುಮನೆಯವರಿಗೂ ಪಕ್ಕದ ಮನೆಯವರಿಗೂ ಒಂದು ನೂಲೂ ಕೊಡಬೇಡಿ ಎಂದು ಹೇಳಿಟ್ಟೆ. ಬೀದಿಗೆಲ್ಲ ಹೇಳಿದೆ, ನಮ್ಮ ಮನೆಯವರಿಗೆ ಹೇಳುವುದು ಮರೆತೆ. ಭಾನುವಾರ ಮಧ್ಯಾಹ್ನ ನಾನು ಮಲಗಿದ್ದಾಗ ಅವರು ತಮ್ಮ ಬನಿಯನ್ನು, ಒಂದು ಲುಂಗಿ, ಬಕೆಟ್ಟಿನಲ್ಲಿ ನೆನೆಹಾಕಲು ಇಟ್ಟಿದ್ದ ನನ್ನ ಹಸಿರು ಕಾಟನ್ ಸೀರೆ ಎಲ್ಲವನ್ನೂ ಎತ್ತಿ ಕೊಟ್ಟುಬಿಟ್ಟಿದ್ದರು.

"ಹಳೇ ಸೀರೆ ತಾನೇ, ಬಿಡೇ" ಎಂದರು.

"ಹಳೇದೋ ಹೊಸದೋ, ನಾನು ಉಟ್ಟಿದ್ದು ಕಣ್ರೀ! ಅದನ್ನ ಇಟ್ಕೊಂಡು ಅವಳು ಏನು ಮಾಡ್ತಾಳೆ ಅಂತ ನಿಮಗೆ ಗೊತ್ತಾ?"

ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿದೆ. ಸೀರೆ ಆಗಲೇ ಗಂಟು ಕಟ್ಟಿ ಯಾವುದೋ ವ್ಯಾನಿನಲ್ಲಿ ಹೋಗಿಯಾಗಿತ್ತು. ಎಲ್ಲಿಗೆ ಎಂದೆ. ನಿಜ ಹೇಳದಿದ್ದರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡು ಎಂದೆ. ಆಗ ಅವಳ ಮುಖದಲ್ಲಿ ಕಂಡ ಗಾಬರಿಯಿಂದ ನನ್ನ ಅನುಮಾನ ಇನ್ನೂ ಬಲವಾಯಿತು.

"ಹಿಂದಿನ ಮನೆಯವ್ರೂ ಗೊತ್ತಾದ ಮೇಲೆ ಖಾಲಿ ಮಾಡಿಸಿದ್ರು ಆಂಟಿ, ಬಿಟಿಎಂನಲ್ಲಿ. ಕಾಯಿಲೆ ತರ್ತೀಯ ಅಂದ್ರು" ಎಂದಳು ಕೊನೆಗೆ. "ನಾನು ಚಿಂಪಾಂಜಿ ನೋಡ್ಕೊಳ್ತೀನಿ. ನಾಳೆ ಬೇಕಾದ್ರೆ ನೀವೇ ಬಂದು ನೋಡಿ. ಆದ್ರೆ ಬೀದೀಲಿ ಯಾರಿಗೂ ಹೇಳ್ಬೇಡಿ."

ಚಿಂಪಾಂಜಿ! ಸುಳ್ಳು ಹೇಳುವವರು ಇದಕ್ಕಿಂತ ನಂಬುವಂಥದ್ದನ್ನು ಹೇಳುತ್ತಾರೆ ಅನ್ನಿಸಿತು. ಹಾಗಂತ ಬಿಟ್ಟೆನೇ? ಮರುದಿನ ಅವಳ ಸ್ಕೂಟರಿನ ಹಿಂದೆ ಕೂತು ಹೊರಟೆ. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಮನೆಯವರಿಗೆ ಮೂರು ಸಲ ಹೇಳಿ, ಫೋನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಬನ್ನೇರುಘಟ್ಟ ದಾಟಿ ಮಣ್ಣಿನ ರಸ್ತೆಗೆ ತಿರುಗಿದ ಮೇಲೆ ಒಂದು ದೊಡ್ಡ ಗೇಟು, ಕಾಪಾಡಿ ತಂದ ಪ್ರಾಣಿಗಳನ್ನು ಸಾಕುವ ಜಾಗವಂತೆ. ಒಳಗೆ ಎತ್ತರದ ಬೇಲಿ, ಮರಗಳು, ಅಟ್ಟಣಿಗೆಗಳು. ಬೇಲಿಯಾಚೆ ನಾನು ಮೊದಲು ಕಂಡದ್ದೇ ನನ್ನ ಸೀರೆ. ಒಂದು ಹೆಣ್ಣು ಚಿಂಪಾಂಜಿ ಅದನ್ನು ಹೆಗಲಿಗೆ ಹೊದ್ದು, ಸೆರಗು ನೆಲಕ್ಕೆಳೆಯುತ್ತ, ಮದುವೆ ಮನೆಯ ಬೀಗಿತ್ತಿಯ ಹಾಗೆ ಓಡಾಡುತ್ತಿತ್ತು. ಇನ್ನೊಂದು ಮರಿ ನಮ್ಮ ಮನೆಯವರ ಬನಿಯನ್ನು ತಲೆಗೆ ಹಾಕಿಕೊಂಡು, ಕಣ್ಣು ಕಾಣದೆ ಮರಕ್ಕೆ ಡಿಕ್ಕಿ ಹೊಡೆದು ಬಿತ್ತು. ನನಗೆ ನಗು ಬಂತು, ನಗಲಿಲ್ಲ.

"ಸೋಪಿನ ವಾಸ್ನೆ ಇದ್ರೆ ಮುಟ್ಟಲ್ಲ ಆಂಟಿ. ಮನುಷ್ಯರ ವಾಸ್ನೆ ಇದ್ರೆ ಗಂಟೆಗಟ್ಟಲೆ ಮೂಸ್ತಾ ಆಟ ಆಡ್ತವೆ. ಕಾಯಿಲೆ ಅಂಟದ ಹಾಗೆ ರಾತ್ರಿ ಬಿಸಿ ಪೆಟ್ಟಿಗೇಲಿ ಇಟ್ಟು ಕೊಡ್ತೀವಿ" ಎಂದಳು.

ಅಂದು ಮಧ್ಯಾಹ್ನದವರೆಗೆ ಅಲ್ಲೇ ಇದ್ದೆ. ಬೆಳಿಗ್ಗೆ ಅವುಗಳಿಗೆ ಮಗ್ಗಿನಲ್ಲಿ ರಾಗಿ ಗಂಜಿ. ಕುಡಿದಾದ ಮೇಲೆ ಮಗ್ಗು ವಾಪಸ್ ಕೊಟ್ಟವಕ್ಕೆ ಒಂದೊಂದು ಒಣದ್ರಾಕ್ಷಿ. ಅವಳು ತೂತು ಕೊರೆದ ಪೈಪುಗಳು ಮರಕ್ಕೆ ನೇತುಬಿದ್ದಿದ್ದವು. ಅದರೊಳಗೆ ಜೇನು ಸವರಿದ ಕಡಲೆಪುರಿ. ಚಿಂಪಾಂಜಿಗಳು ಕಡ್ಡಿ ಮುರಿದು, ಹಲ್ಲಿನಲ್ಲಿ ಎಲೆ ಕಿತ್ತು, ತೂತಿನಲ್ಲಿ ಕಡ್ಡಿ ಆಡಿಸಿ ನೆಕ್ಕುತ್ತಿದ್ದವು. ಹಬ್ಬದ ಪ್ರಯುಕ್ತ ಅಟ್ಟಣಿಗೆಯ ಮೇಲೆ ಕಬ್ಬು ಕಟ್ಟಿದ್ದರು. ಅವರೆಕಾಯಿ, ಕಡಲೆಕಾಯಿಯನ್ನು ಒಣಹುಲ್ಲಿನಲ್ಲಿ ಬಚ್ಚಿಟ್ಟಿದ್ದರು. ದೊಡ್ಡವು ಕೂತು ಅವರೆಕಾಯಿ ಸುಲಿಯುವುದನ್ನು ನೋಡಿದರೆ ನಮ್ಮ ಬೀದಿಯ ಹೆಂಗಸರು ಜಗಲಿಯಲ್ಲಿ ಕೂತಂತೆಯೇ ಇತ್ತು. ಮರಿಗಳು ಒಂದಕ್ಕೊಂದು ಕಚಗುಳಿ ಇಟ್ಟು, ಬಾಯಿ ತೆರೆದು ಉಸಿರುಸಿರಾಗಿ ನಗುತ್ತಿದ್ದವು. ಪ್ರಾಣಿ ನಗುತ್ತದೆ ಎಂದರೆ ನಾನು ನಂಬುವವಳಲ್ಲ, ಹತ್ತಿರ ಹೋಗಿ ನೋಡಿದೆ. ನಗುತ್ತಲೇ ಇದ್ದವು.

ಪಕ್ಕದ ಬೋನಿನಲ್ಲಿ ಮಾತ್ರ ಒಂದು ಮುದಿ ಹೆಣ್ಣು ಒಂಟಿಯಾಗಿ ಕೂತಿತ್ತು. ಪಕ್ಕೆಲುಬು ಎಣಿಸುವ ಹಾಗಿದ್ದವು. ಮೇಲ್ಮನೆಯವಳು ಅದನ್ನು ಅಜ್ಜಿ ಎನ್ನುತ್ತಿದ್ದಳು. ಯಾರೋ ದುಡ್ಡಿರುವವರ ಫಾರ್ಮ್‌ಹೌಸಿನಲ್ಲಿ ಕದ್ದು ಸಾಕಿದ್ದರಂತೆ, ಅರಣ್ಯ ಇಲಾಖೆಯವರು ಹಿಡಿದು ಇಲ್ಲಿಗೆ ತಂದಿದ್ದರಂತೆ. ಯಾರ ಕೈಯಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಕೊಟ್ಟದ್ದನ್ನು ಸೀಳಿ, ಮೂಸಿ, ಬಿಸಾಡುತ್ತದೆ. ಹೀಗೇ ಆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎಂದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಬೇಯಿಸಿದ ಗೆಣಸನ್ನು ಕಂಬಿಯ ಸಂದಿಯಿಂದ ಚಾಚಿದಳು. ಅಜ್ಜಿ ಗೆಣಸನ್ನು ನೋಡಲಿಲ್ಲ. ಅವಳ ಕೈ ನೋಡಿತು, ಕಣ್ಣು ನೋಡಿತು, ಮಾಸ್ಕ್ ನೋಡಿತು, ಮತ್ತೆ ಕೈ ನೋಡಿತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದು ನನ್ನದೇ ನೋಟ.

"ಇದಕ್ಕೆ ಯಾರೋ ಮದ್ದು ಹಾಕಿದ್ದಾರೆ ಕಣಮ್ಮ" ಎಂದೆ.

ಅವಳು ಬೆಚ್ಚಿ ನನ್ನತ್ತ ತಿರುಗಿದಳು. "ಹೂಂ ಆಂಟಿ. ಬಾಳೆಹಣ್ಣಲ್ಲಿ ಮಾತ್ರೆ ಇಟ್ಟು ಕೊಡ್ತಿದ್ರಂತೆ, ಪಾರ್ಟಿಗೆ ಜನ ಬಂದಾಗ ಗಲಾಟೆ ಮಾಡ್ಬಾರ್ದು ಅಂತ. ನಿಮಗೆ ಹೆಂಗೆ ಗೊತ್ತಾಯ್ತು?"

"ಅದು ಬಿಡು. ಬಾಯಿಗೆ ಬಟ್ಟೆ ಕಟ್ಕೊಂಡು ಕೊಟ್ರೆ ನಾನಾದ್ರೂ ತಿನ್ನಲ್ಲ. ಅದರ ಎದುರಿಗೇ ಮುರಿದು, ಅರ್ಧ ನೀನು ತಿಂದು ತೋರ್ಸು ಮೊದ್ಲು."

ಮಾಸ್ಕ್ ತೆಗೆಯುವ ಹಾಗಿಲ್ಲ ಎಂದಳು. ನಮ್ಮ ಕಾಯಿಲೆ ಅವಕ್ಕೆ ಬೇಗ ಅಂಟುತ್ತದಂತೆ. ಅದಕ್ಕೆ ದೂರಕ್ಕೆ ಹೋಗಿ, ಮಾಸ್ಕ್ ಇಳಿಸಿ, ಅಜ್ಜಿಗೆ ಕಾಣುವಂತೆ ನಿಂತಳು. ಗೆಣಸು ಮುರಿದಳು. ಅರ್ಧವನ್ನು ಸಿಪ್ಪೆ ಸಮೇತ ತಿಂದಳು. ಆಮೇಲೆ ಮಾಸ್ಕ್ ಕಟ್ಟಿಕೊಂಡು ಬಂದು ಉಳಿದರ್ಧವನ್ನು ಚಾಚಿದಳು. ಅಜ್ಜಿ ಅವಳ ಗಂಟಲನ್ನೇ ನೋಡುತ್ತಿತ್ತು, ನುಂಗಿದಳೋ ಇಲ್ಲವೋ ಎಂದು. ನಾನೂ ನೋಡುತ್ತಿದ್ದೆ. ಅವಳು ಉರುಳಿ ಬೀಳುತ್ತಾಳೇನೋ ಎಂದು ಅಜ್ಜಿ ಇನ್ನೂ ಕಾಯಿತು. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಅಜ್ಜಿ ಎರಡು ಬೆರಳಿನಲ್ಲಿ ಗೆಣಸು ತೆಗೆದುಕೊಂಡಿತು. ಮೂಸಿತು. ತಿಂದಿತು.

ಮೇಲ್ಮನೆಯವಳು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ವಾಪಸ್ ಹೊರಡುವಾಗ ಗೇಟಿನ ಹತ್ತಿರ ಅವಳು ಇನ್ನೊಂದು ಗೆಣಸು ತೆಗೆದು, ಮುರಿದು, ಅರ್ಧ ತಾನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ನನಗೆ ಕೊಟ್ಟಳು. "ತಗೊಳ್ಳಿ ಆಂಟಿ, ತಿಂದು ತೋರ್ಸಿದೀನಿ" ಎಂದು ನಕ್ಕಳು. ಅವಳು ಕಳಿಸಿದ ಡಬ್ಬಿಗಳನ್ನು ನಾನು ಮುಟ್ಟುತ್ತಿರಲಿಲ್ಲ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಅವಳ ಕೈಯಿಂದ ನಾನು ಮೊದಲು ತಿಂದದ್ದು ಆ ಗೆಣಸು.

ಮನೆ ಖಾಲಿ ಮಾಡಿಸುವ ಮಾತು ಅಲ್ಲಿಗೇ ಮುಗಿಯಿತು. ಅವಳದು ಆಫೀಸ್ ಕೆಲಸ ಎಂದು ನಾನೇ ಬೀದಿಗೆಲ್ಲ ಹೇಳಿದೆ. ಎದುರುಮನೆಯವರು ನಂಬಲಿಲ್ಲ, ಅದು ಅವರ ಪಾಡು. ಹಾಗಂತ ಅವಳ ಮೇಲೆ ನನಗೆ ಅನುಮಾನವೇ ಹೋಯಿತು ಅಂದುಕೊಳ್ಳಬೇಡಿ. ನೀರಿನ ಮೋಟಾರಿನ ವಿಷಯದಲ್ಲಿ ಅವಳನ್ನು ನಾನು ಕೊನೆಯವರೆಗೂ ನಂಬಲಿಲ್ಲ. ಆದರೆ ಸಂಜೆ ಅವಳ ಸ್ಕೂಟರಿನ ಸದ್ದು ಕೇಳಿದರೆ ಮೆಟ್ಟಿಲ ಬಳಿ ಹೋಗಿ ನಿಲ್ಲುತ್ತಿದ್ದೆ. ಅಜ್ಜಿ ಇವತ್ತು ಗಂಜಿ ಕುಡಿಯಿತು... ಅಜ್ಜಿ ಬೇಲಿಯಾಚೆಗೆ ಹೋಗಿ ಉಳಿದವುಗಳ ಜೊತೆ ಕೂತಿತು... ಅಜ್ಜಿ ದೀಪಾವಳಿಗೆ ಕೊಟ್ಟ ರಟ್ಟಿನ ಡಬ್ಬಿಯನ್ನು ತಾನೇ ಬಿಚ್ಚಿ, ಒಳಗಿದ್ದ ಕೊಬ್ಬರಿಯನ್ನು ಮರಿಗೆ ಕೊಟ್ಟಿತು... ಬೇರೆಯವರು ಕೊಟ್ಟರೆ ಮಾತ್ರ ಇನ್ನೂ ಮುಖ ತಿರುಗಿಸುತ್ತದೆ. ಹೀಗೆ ಒಂದೆರಡು ವರ್ಷ ನಡೆಯಿತು.

ಕಳೆದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮಾತ್ರೆ ನುಂಗಿ ಕೆಲಸಕ್ಕೆ ಹೊರಟವಳನ್ನು ನಾನೇ ಬೈದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡೆಂಗ್ಯೂ ಎಂದರು. ಮಂಚದ ಮೇಲೆ ಮಲಗಿದ್ದವಳು ನನ್ನ ಕೈ ಹಿಡಿದು, "ಆಂಟಿ, ಅಜ್ಜಿ ಕಾಯ್ತಿರುತ್ತೆ. ನಾಳಿದ್ದು ಬರ್ತೀನಿ ಅಂತ ಅಲ್ಲಿ ಯಾರಿಗಾದ್ರೂ ಹೇಳ್ಬಿಡಿ" ಎಂದಳು. ಹೇಳಿದೆ. ನಾಳಿದ್ದು ಬರಲಿಲ್ಲ... ಅವಳೇ ಹೋಗಿಬಿಟ್ಟಳು.

ಊರಿನಿಂದ ಅವಳ ಅಣ್ಣ ಬಂದ. ಬೀದಿಯವರಿಗೆಲ್ಲ ವಿಷಯ ತಿಳಿಯಿತು. ಕೆಲಸದ ಕಡೆಯವರಿಗೆ ಫೋನು ಹೋಯಿತು. ಯಾರಿಗೆ ಹೇಳಬೇಕೋ ಅವರಿಗೆಲ್ಲ ಹೇಳಿಯಾಯಿತು, ಒಬ್ಬರಿಗೆ ಬಿಟ್ಟು. ನನ್ನ ತಲೆ ಕೊರೆಯುತ್ತಿದ್ದದ್ದು ಅದೇ. ಜೀವಮಾನವೆಲ್ಲ ಯಾರನ್ನೂ ನಂಬದಿದ್ದ ಪ್ರಾಣಿ ಒಬ್ಬಳನ್ನು ನಂಬಿತು. ಅವಳು ಒಂದು ದಿನ ಬರುವುದನ್ನೇ ನಿಲ್ಲಿಸಿದಳು. ಅಜ್ಜಿಯ ಜಾಗದಲ್ಲಿ ನಾನಿದ್ದರೆ ಏನು ತಿಳಿದುಕೊಳ್ಳುತ್ತಿದ್ದೆ? ಇವಳೂ ಮೋಸ ಮಾಡಿದಳು ಅಂತಲೇ.

ಮೊನ್ನೆ ಆ ಅವರೆಕಾಯಿ ಚೀಲವನ್ನು ಮನೆಯಲ್ಲಿಟ್ಟವಳೇ ಆಟೋ ಮಾಡಿಕೊಂಡು ಅಲ್ಲಿಗೆ ಹೋದೆ. ಅಜ್ಜಿ ಬದುಕಿದೆ. ಮತ್ತೆ ಒಂಟಿ ಬೋನಿನಲ್ಲೇ ಇರುತ್ತದಂತೆ. ತಿನ್ನುವುದನ್ನು ಕೆಳಗಿಟ್ಟು ಎಲ್ಲರೂ ಹೋದ ಮೇಲೆ ಒಂದಿಷ್ಟು ತಿನ್ನುತ್ತದಂತೆ, ಕೈಯಿಂದ ತೆಗೆದುಕೊಳ್ಳುವುದಿಲ್ಲವಂತೆ. ನನ್ನನ್ನು ಕಂಡು ಕಂಬಿಯ ಹತ್ತಿರ ಬಂತು. ಗುರುತು ಹಿಡಿಯಿತೋ, ನನ್ನ ಸೀರೆಯಲ್ಲಿ ಅವಳ ಮನೆಯ ವಾಸನೆ ಏನಾದರೂ ಇತ್ತೋ ಗೊತ್ತಿಲ್ಲ.

ಪ್ರಾಣಿಗೆ ಸಾವಿನ ಸುದ್ದಿ ಹೇಗೆ ಹೇಳುತ್ತಾರೆ? ಮನುಷ್ಯರಿಗೆ ಹೇಳುವ ಹಾಗೆಯೇ ಹೇಳಿದೆ. "ಅವಳು ಬರಲ್ಲ ಕಣವ್ವ. ಮೋಸ ಅಲ್ಲ. ಜ್ವರ ಬಂದು ಸತ್ತೋದ್ಲು."

ಅಜ್ಜಿ ನನ್ನ ಬಾಯಿ ನೋಡಿತು, ಕೈ ನೋಡಿತು. ನನ್ನನ್ನು ಯಾರಾದರೂ ನಂಬಲಿ ಎಂದು ನಾನು ಯಾವತ್ತೂ ಅಷ್ಟು ಆಸೆಪಟ್ಟಿರಲಿಲ್ಲ. ಆಮೇಲೆ ಅದು ಕತ್ತು ಚಾಚಿ, ನನ್ನ ಭುಜದ ಮೇಲಿಂದ ಗೇಟಿನ ಕಡೆ ನೋಡಿತು, ಅವಳನ್ನು ನಾನು ಹಿಂದೆ ಬಚ್ಚಿಟ್ಟಿದ್ದೇನೇನೋ ಎನ್ನುವ ಹಾಗೆ. ಬಹಳ ಹೊತ್ತು ನೋಡಿತು.

ನಾನೂ ತಿರುಗಿ ನೋಡಿಬಿಟ್ಟೆ. ಯಾರೂ ಇರಲಿಲ್ಲ.